ಮಂಡಿ ತಟ್ಟಿದರೆ ಕಾಲು ಹಾರಬೇಕು: ಪರೀಕ್ಷೆ ಮಾಡುವುದು ಹೇಗೆ?

ಮಂಡಿಯ ಕೆಳಗೆ ತಟ್ಟಿದರೆ ಕಾಲು ತಾನಾಗಿ ಮುಂದಕ್ಕೆ ಹಾರುತ್ತದೆ ಎಂಬುದು ಶಾಲೆಯ ವಿಜ್ಞಾನ ಓದಿದವರಿಗೆಲ್ಲ ಗೊತ್ತು. ಆದರೆ ಮಾಡಿ ನೋಡಿದಾಗ ಎಷ್ಟೋ ಸಲ ಕಾಲು ಮಿಸುಕುವುದೇ ಇಲ್ಲ. ಸಾಮಾನ್ಯವಾಗಿ ತಪ್ಪು ನರದ್ದಲ್ಲ, ತಟ್ಟಿದ ಜಾಗದ್ದು.

ಪಾದ ನೆಲಕ್ಕೆ ತಾಗದಷ್ಟು ಎತ್ತರದ ಗಟ್ಟಿ ಮೇಜಿನ ಮೇಲೆ ಕೂರಿಸಿ. ಮಂಡಿಯ ಹಿಂಭಾಗ ಮೇಜಿನಂಚಿನಿಂದ ಎರಡು ಬೆರಳಷ್ಟು ಹೊರಗಿರಲಿ, ಕಾಲು ಸಡಿಲವಾಗಿ ಜೋತಾಡಲಿ. ಮೇಜಿಲ್ಲದಿದ್ದರೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಸಿದರೂ ನಡೆಯುತ್ತದೆ.

ಈಗ ಜಾಗ ಹುಡುಕಿ. ಮಂಡಿಚಿಪ್ಪಿನ ಕೆಳಗಿನ ಅಂಚಿನಿಂದ ಬೆರಳು ಜಾರಿಸುತ್ತಾ ಬಂದರೆ ಮಂಡಿಯ ಕೆಳಗಿನ ಕಾಲಿನ ಮೂಳೆಯ ಗಟ್ಟಿ ಉಬ್ಬು ಸಿಗುತ್ತದೆ. ಇವೆರಡರ ನಡುವಿನ ಪಟ್ಟಿಯೇ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ. ಕಾಲನ್ನು ಸ್ವಲ್ಪ ಚಾಚಲು ಹೇಳಿ, ಬೆರಳಡಿ ಅದು ಹಗ್ಗದಂತೆ ಬಿಗಿಯುತ್ತದೆ. ಎರಡೂ ಪಕ್ಕ ಮೆತ್ತಗೆ ತಗ್ಗಿರುತ್ತದೆ. ಪಟ್ಟಿಯ ನಟ್ಟನಡುವೆ ಗುರಿ ಇಟ್ಟುಕೊಂಡು, ಕಾಲನ್ನು ಮತ್ತೆ ಸಡಿಲ ಬಿಡಿಸಿ. ಚಿಪ್ಪಿನ ಮೇಲೆ ತಟ್ಟಿದರೆ ನೋವಷ್ಟೇ ಲಾಭ.

ರಬ್ಬರ್ ಸುತ್ತಿಗೆ ಇಲ್ಲದಿದ್ದರೆ ಅಂಗೈಯ ಕಿರುಬೆರಳಿನ ಕಡೆಯ ಅಂಚು ಸಾಕು. ಮಣಿಕಟ್ಟು ಸಡಿಲವಾಗಿರಲಿ; ಚುರುಕಾಗಿ ತಟ್ಟಿ, ಕೂಡಲೇ ಕೈ ಹಿಂದಕ್ಕೆ ಬರಲಿ. ಒತ್ತಿ ಹಿಡಿದರೆ ಫಲವಿಲ್ಲ. ಮಂಡಿ ಶಸ್ತ್ರಚಿಕಿತ್ಸೆ ಆದವರ ಮೇಲೆ, ಊತ ಇರುವವರ ಮೇಲೆ ಇದು ಬೇಡ.

ಚುರುಕುತನ ಏಕೆ ಬೇಕೆಂದರೆ, ನರಮಂಡಲ ಉತ್ತರ ಕೊಡುವುದು ಪೆಟ್ಟಿಗಲ್ಲ, ಹಿಗ್ಗುವಿಕೆಗೆ. ರಜ್ಜು ಒಳಕ್ಕೆ ತಗ್ಗಿದಾಗ ತೊಡೆಯ ಮುಂಭಾಗದ ಸ್ನಾಯು ಒಂದಿಷ್ಟು ಎಳೆಯಲ್ಪಡುತ್ತದೆ. ಅದರೊಳಗೆ ಹುದುಗಿರುವ ಕದಿರಿನಾಕಾರದ ಗ್ರಾಹಕಗಳು ಥಟ್ಟನೆ ಆದ ಎಳೆತವನ್ನು ಗುರುತಿಸಿ ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ. ಸೊಂಟದ 2ರಿಂದ 4ನೇ ನರಗಳ ಮಟ್ಟದಲ್ಲಿ, ಒಂದೇ ಒಂದು ನರಸಂಧಿ (ಎರಡು ನರಕೋಶಗಳು ಸಂಧಿಸುವ ಜಾಗ) ದಾಟಿ, ಆಜ್ಞೆ ಅದೇ ಸ್ನಾಯುವಿಗೆ ಮರಳುತ್ತದೆ. ಜೊತೆಗೆ, ನಡುವೆ ಇನ್ನೊಂದು ನರಕೋಶದ ಮೂಲಕ ತೊಡೆಯ ಹಿಂಭಾಗದ ಸ್ನಾಯುವಿಗೆ ‘ನೀನು ಸುಮ್ಮನಿರು’ ಎಂಬ ತಡೆಯೂ ಹೋಗುತ್ತದೆ. ತಟ್ಟಿದಲ್ಲಿಂದ ಸ್ನಾಯು ಬಿಗಿಯಲು ಶುರುವಾಗುವವರೆಗೆ ಸುಮಾರು 20–30 ಮಿಲಿಸೆಕೆಂಡು, ಅಷ್ಟೆ. ಇನ್ನೊಂದು ಕೈಯನ್ನು ತೊಡೆಯ ಮೇಲಿಟ್ಟುಕೊಳ್ಳಿ: ಕಾಲು ಹಾರದಿದ್ದರೂ ಸ್ನಾಯು ಬಿಗಿದದ್ದು ಕೈಗೆ ತಿಳಿಯುತ್ತದೆ.

ಆದರೂ ಏನೂ ಆಗಲಿಲ್ಲವೇ? ಬಹುಶಃ ಕೂತವರು ಕಾಲನ್ನು ಬಿಗಿಹಿಡಿದಿದ್ದಾರೆ. ಈ ಪ್ರತಿಕ್ರಿಯೆ ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ ನಿಜ, ಆದರೆ ಅದನ್ನು ಏರಿಸುವ, ಇಳಿಸುವ ಹಿಡಿತ ಮೆದುಳಿಗಿದೆ. ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಸೇರಿಸಿ ಜೋರಾಗಿ ಎಳೆಯಲು ಹೇಳಿ, ಎಳೆಯುತ್ತಿರುವಾಗಲೇ ತಟ್ಟಿ. ಹಂಗೇರಿಯ ವೈದ್ಯ ಯೆಂದ್ರಾಸಿಕ್ 19ನೇ ಶತಮಾನದಲ್ಲಿ ತೋರಿಸಿಕೊಟ್ಟ ಈ ಉಪಾಯವನ್ನು ವೈದ್ಯರು ಇಂದಿಗೂ ಬಳಸುತ್ತಾರೆ.

ಇದಕ್ಕೆ ತದ್ವಿರುದ್ಧ ತೊಂದರೆಯೂ ಉಂಟು: ಕೆಲವರು ‘ಸಹಾಯ’ ಮಾಡಲೆಂದು ತಾವೇ ಒದೆಯುತ್ತಾರೆ. ಕೈ ಬೀಸಿ, ತಾಗಿಸದೆ ನಿಲ್ಲಿಸಿ ನೋಡಿ. ಆಗಲೂ ಕಾಲು ಹಾರಿದರೆ ನಾಟಕ ಬಯಲು!

ಆರೋಗ್ಯವಂತರಲ್ಲೂ ಕೆಲವರ ಕಾಲು ಜೋರಾಗಿ ಹಾರುತ್ತದೆ, ಕೆಲವರದು ಅಲ್ಪ. ನೋಡಬೇಕಾದ್ದು ಎಡಬಲಗಳ ವ್ಯತ್ಯಾಸ. ಒಂದು ಕಡೆ ಮಾತ್ರ ಇಲ್ಲದಿದ್ದರೆ, ಅಥವಾ ಜೊತೆಗೆ ಮರಗಟ್ಟುವಿಕೆ, ಬಲಹೀನತೆ ಇದ್ದರೆ ವೈದ್ಯರಿಗೆ ತೋರಿಸಿ.

ಮೆದುಳಿನ ದಾರಿ ಎಷ್ಟು ನಿಧಾನ ಎಂದು ಅಳೆಯಲು 30 ಸೆಂ.ಮೀ. ಸ್ಕೇಲ್ ಸಾಕು. ಅದರ ಸೊನ್ನೆ ಗುರುತು ಎದುರಿನವರ ಹೆಬ್ಬೆರಳು, ತೋರುಬೆರಳ ನಡುವೆ ಬರುವಂತೆ ಹಿಡಿದು, ಹೇಳದೆ ಬಿಡಿ. 15 ಸೆಂ.ಮೀ.ಗೆ ಹಿಡಿದರೆ ಸುಮಾರು 0.17 ಸೆಕೆಂಡು, 20ಕ್ಕೆ 0.20. ಕಣ್ಣು, ಮೆದುಳು, ಕೈ ಎಂದು ಸುತ್ತಿ ಬರುವುದರಿಂದ ಮಂಡಿಯ ಸುಮಾರು ಆರರಿಂದ ಹತ್ತು ಪಟ್ಟು ಸಮಯ. ಐದು ಸಲ ಮಾಡಿ ನಡುವಿನ ಅಳತೆ ಬರೆದುಕೊಳ್ಳಿ. ಯಾರಾದರೂ 4–5 ಸೆಂ.ಮೀ.ಗೇ ಹಿಡಿದರೆ ಅದು ಬಿಡುವ ಮೊದಲೇ ಮಾಡಿದ ಊಹೆ, ಲೆಕ್ಕಕ್ಕೆ ಸೇರಿಸಬೇಡಿ.