ಅಪ್‌ಡೇಟ್ ಬಂದಾಗ ಮನೆಯ ನೆಟ್ ಕುಂಟದಿರಲು ಹೀಗೆ ಮಾಡಿ

ವಿಡಿಯೊ ಕಾಲ್ ನಡುವೆ ಮಾತು ತುಂಡಾಗುತ್ತದೆ, ಮುಖ ನಿಂತಲ್ಲೇ ನಿಲ್ಲುತ್ತದೆ. ಎಲ್ಲರೂ ಮೊದಲು ಬೈಯುವುದು ನೆಟ್ ಕೊಟ್ಟ ಕಂಪನಿಯನ್ನು. ಆದರೆ ಎಷ್ಟೋ ಸಲ ಪಕ್ಕದ ಕೋಣೆಯ ಕಂಪ್ಯೂಟರ್ ಯಾರಿಗೂ ಹೇಳದೆ ಅಪ್‌ಡೇಟ್ ಇಳಿಸಿಕೊಳ್ಳುತ್ತಿರುತ್ತದೆ. ಮೈಕ್ರೋಸಾಫ್ಟ್ 2003ರಿಂದಲೂ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್ ಬಿಡುತ್ತಾ ಬಂದಿದೆ. ಪ್ರತಿ ತಿಂಗಳು ಆ ವಾರದಲ್ಲೇ ನೆಟ್ ನಿಧಾನ ಅನ್ನಿಸಿದರೆ ಅನುಮಾನ ಇದರ ಮೇಲಿರಲಿ.

ಲೆಕ್ಕ ಸುಲಭ. ನೆಟ್ ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ, ಫೈಲ್ ಗಾತ್ರವನ್ನು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಲೈನಿನಲ್ಲಿ 4 ಜಿಬಿ ಅಪ್‌ಡೇಟ್ ಇಳಿಯಲು ಸುಮಾರು 53 ನಿಮಿಷ ಬೇಕು, ಅದೂ ಪೂರ್ತಿ ಲೈನ್ ಅದಕ್ಕೇ ಬಿಟ್ಟುಕೊಟ್ಟರೆ!

ಮೊದಲು ಪತ್ತೆ ಹಚ್ಚಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನೆಟ್‌ವರ್ಕ್ ಎಂಬ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ಎಳೆಯುತ್ತಿರುವುದು ಮೇಲೆ ಬರುತ್ತದೆ. ಅಲ್ಲಿ ‘ಸರ್ವಿಸ್ ಹೋಸ್ಟ್: ಡೆಲಿವರಿ ಆಪ್ಟಿಮೈಸೇಶನ್’ ಎಂದು ಕಂಡರೆ ಅದು ಅಪ್‌ಡೇಟ್ ಕೆಲಸವೇ. ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್ ತೆರೆದು ನೆಟ್‌ವರ್ಕ್ ಟ್ಯಾಬ್ ನೋಡಿ.

ವೇಗಕ್ಕೆ ಮಿತಿ ಹಾಕಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಡೆಲಿವರಿ ಆಪ್ಟಿಮೈಸೇಶನ್ ಹೀಗೆ ಒಳಗೆ ಹೋಗಿ. ಡೌನ್‌ಲೋಡ್ ಮಿತಿ ಅದರ ಒಳಪುಟದಲ್ಲಿದೆ. ಎಂಬಿಪಿಎಸ್ ಲೆಕ್ಕದಲ್ಲೂ ಹಾಕಬಹುದು, ಶೇಕಡಾ ಲೆಕ್ಕದಲ್ಲೂ ಹಾಕಬಹುದು. ನನ್ನ ಓಟು ಎಂಬಿಪಿಎಸ್‌ಗೆ. ಶೇಕಡಾ ಎಂದರೆ ವಿಂಡೋಸ್ ತಾನೇ ಅಳೆದುಕೊಂಡ ವೇಗದಲ್ಲಿ ಪಾಲು. ಆ ಅಳತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

20 ಎಂಬಿಪಿಎಸ್ ಲೈನ್ ಇದ್ದರೆ ಹಿನ್ನೆಲೆ (ತಾನಾಗಿಯೇ ನಡೆಯುವ) ಡೌನ್‌ಲೋಡ್‌ಗೆ 5 ಕೊಟ್ಟು ನೋಡಿ. 4 ಜಿಬಿ ಆದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ, ಉಳಿದವರ ಕೆಲಸವೂ ನಡೆಯುತ್ತದೆ. ಒಂದು ಸೂಕ್ಷ್ಮ ಇದೆ. ಹಿನ್ನೆಲೆಗೆ ಒಂದು ಮಿತಿ, ಮುನ್ನೆಲೆಗೆ ಇನ್ನೊಂದು. ನೀವೇ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ ಇಳಿಸಿದರೆ ಅದು ಮುನ್ನೆಲೆಯ ಲೆಕ್ಕಕ್ಕೆ ಬರುತ್ತದೆ. ಮಿತಿ ಹಾಕಿದ ಮೇಲೂ ನೆಟ್ ನಿಂತಿತು ಅನ್ನುವವರು ಇದನ್ನೊಮ್ಮೆ ನೋಡಿಕೊಳ್ಳಲಿ.

ಅಪ್‌ಲೋಡ್ ಕಡೆಗೂ ಕಣ್ಣಿಡಿ

ಹೆಚ್ಚಿನವರು ಮರೆಯುವುದು ಇಲ್ಲೇ. ವಿಂಡೋಸ್ ತಾನು ಇಳಿಸಿಕೊಂಡ ಅಪ್‌ಡೇಟಿನ ತುಣುಕುಗಳನ್ನು ಬೇರೆ ಕಂಪ್ಯೂಟರ್‌ಗಳಿಗೆ ಹಂಚಬಲ್ಲದು. ಮನೆಯ ಎರಡು ಕಂಪ್ಯೂಟರ್ ಹಂಚಿಕೊಂಡರೆ ಲಾಭ ನಮಗೇ: ಒಂದು ಇಳಿಸಿದ್ದನ್ನು ಇನ್ನೊಂದು ಪಡೆಯುತ್ತದೆ, ಹೊರಗಿನ ನೆಟ್ ಉಳಿಯುತ್ತದೆ. ಆದರೆ ಇಂಟರ್ನೆಟ್ಟಿನ ಅಪರಿಚಿತರಿಗೂ ಹಂಚುವ ಆಯ್ಕೆ ಅಲ್ಲಿದೆ. ಡೆಲಿವರಿ ಆಪ್ಟಿಮೈಸೇಶನ್ ಪುಟದಲ್ಲಿ ‘ಲೋಕಲ್ ನೆಟ್‌ವರ್ಕ್’ ಮಾತ್ರ ಆರಿಸಿ.

ಅಪ್‌ಲೋಡ್ ತುಂಬಿದರೆ ಡೌನ್‌ಲೋಡಿಗೆ ಏನಾಗಬೇಕು ಅಂತೀರಾ? ಇಳಿದು ಬಂದ ತುಣುಕುಗಳಿಗೆ ನಮ್ಮ ಕಂಪ್ಯೂಟರ್ ‘ಸಿಕ್ತು’ ಎಂದು ಆಗಾಗ ಉತ್ತರ ಕಳಿಸಬೇಕು. ಆ ಉತ್ತರ ಅಪ್‌ಲೋಡ್ ದಾರಿಯಲ್ಲೇ ಹೋಗಬೇಕು. ದಾರಿ ಕಟ್ಟಿಕೊಂಡರೆ ಉತ್ತರ ತಡವಾಗುತ್ತದೆ, ಆ ಕಡೆಯವರು ಕಳಿಸುವುದನ್ನು ನಿಧಾನ ಮಾಡುತ್ತಾರೆ. ಅಪ್‌ಲೋಡ್ ವೇಗ ಕಡಿಮೆ ಇರುವ ಲೈನುಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ವಿಡಿಯೊ ಕಾಲ್‌ನಲ್ಲಂತೂ ನಿಮ್ಮ ಮುಖ, ಮಾತು ಹೋಗುವುದೂ ಅದೇ ದಾರಿಯಲ್ಲಿ.

ಮೊಬೈಲ್ ಹಾಟ್‌ಸ್ಪಾಟ್ ಬಳಸುವವರಿಗೆ

ಡೇಟಾ ಲೆಕ್ಕ ಹಾಕಿ ಬಳಸುವವರು ಆ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ದೊಡ್ಡ ಅಪ್‌ಡೇಟ್‌ಗಳು ಕಾಯುತ್ತವೆ. ತೀರಾ ಮುಖ್ಯವಾದವು ಆಗಲೂ ಇಳಿಯಬಹುದು. ಈ ಸೆಟ್ಟಿಂಗ್ ಆ ಒಂದು ನೆಟ್‌ವರ್ಕಿಗೆ ಮಾತ್ರ, ಮನೆಯ ವೈಫೈಗೆ ತಾಗುವುದಿಲ್ಲ. ಫೈಲುಗಳನ್ನು ನೆಟ್‌ನಲ್ಲಿ ಉಳಿಸುವ ಒನ್‌ಡ್ರೈವ್ ಕೂಡ ಸಿಂಕ್ ನಿಲ್ಲಿಸಬಹುದು, ಗಾಬರಿ ಬೇಡ.

‘ಆಕ್ಟಿವ್ ಅವರ್ಸ್’ (ಕಂಪ್ಯೂಟರ್ ಬಳಸುವ ಹೊತ್ತು) ಹಾಕಿದ್ದೇನೆ, ಆದರೂ ಹಗಲಲ್ಲೇ ಇಳಿಯುತ್ತಿದೆ ಎನ್ನುವವರಿದ್ದಾರೆ. ಅದು ತಡೆಯುವುದು ರೀಸ್ಟಾರ್ಟನ್ನು, ಡೌನ್‌ಲೋಡನ್ನಲ್ಲ.

ಹಾಗಿದ್ದರೆ ಅಪ್‌ಡೇಟನ್ನೇ ಪೂರ್ತಿ ಆಫ್ ಮಾಡಿದರಾಯ್ತು, ಅಲ್ವಾ? ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ಹಲವು ದೇಶಗಳ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಪರೀಕ್ಷೆ, ಸಂದರ್ಶನದಂಥ ತುರ್ತಿದ್ದರೆ ‘ಪಾಜ್ ಅಪ್‌ಡೇಟ್ಸ್’ ಒತ್ತಿ ಕೆಲವು ವಾರ ಮುಂದಕ್ಕೆ ಹಾಕಿ, ಸಾಕು. ತಿಂಗಳ ಅಪ್‌ಡೇಟ್‌ನಲ್ಲಿ ಹಿಂದಿನವೂ ಸೇರಿಯೇ ಬರುತ್ತವೆ. ಹಾಗಾಗಿ ಒಂದನ್ನು ಬಿಟ್ಟರೆ ಆಮೇಲೆ ಎರಡು ಇಳಿಸಬೇಕಾಗುತ್ತದೆ ಎಂಬ ಚಿಂತೆ ಬೇಡ.

ಮ್ಯಾಕ್ ಮತ್ತು ಉಬುಂಟು

ಮ್ಯಾಕ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹೋಗಿ, ಹೊಸ ಅಪ್‌ಡೇಟ್ ತಾನೇ ಇಳಿಸಿಕೊಳ್ಳುವುದನ್ನು ಆಫ್ ಮಾಡಿ. ಭದ್ರತಾ ಫೈಲುಗಳ ಸ್ವಿಚ್ ಮಾತ್ರ ಮುಟ್ಟಬೇಡಿ. ಮನೆಯಲ್ಲಿ ಆಪಲ್ ಸಾಧನಗಳು ಹಲವಿದ್ದರೆ ಒಂದು ಮ್ಯಾಕ್‌ನಲ್ಲಿ ಶೇರಿಂಗ್ ಕೆಳಗಿನ ‘ಕಂಟೆಂಟ್ ಕ್ಯಾಶಿಂಗ್’ ಆನ್ ಮಾಡಿ. ಅದು ಇಳಿಸಿಟ್ಟ ಅಪ್‌ಡೇಟನ್ನೇ ಉಳಿದ ಐಫೋನ್, ಐಪ್ಯಾಡ್‌ಗಳು ಬಳಸಿಕೊಳ್ಳುತ್ತವೆ. ಆ ಮ್ಯಾಕ್ ಯಾವಾಗಲೂ ಆನ್ ಇರಬೇಕು, ಕೇಬಲ್‌ನಲ್ಲಿ ರೌಟರ್‌ಗೆ ಸೇರಿದ್ದರೆ ಇನ್ನೂ ಒಳ್ಳೆಯದು.

ಉಬುಂಟುವಿನಲ್ಲಿ ‘ಸಾಫ್ಟ್‌ವೇರ್ ಆ್ಯಂಡ್ ಅಪ್‌ಡೇಟ್ಸ್’ ತೆರೆದು, ಭದ್ರತಾ ಅಪ್‌ಡೇಟ್ ಬಂದಾಗ ತಾನೇ ಇಳಿಸಬೇಕೋ, ಬರೀ ತಿಳಿಸಬೇಕೋ ಎಂದು ಆರಿಸಬಹುದು.

ಇಷ್ಟಾದರೂ ಸರಿಯಾಗದಿದ್ದರೆ

ಕಂಪ್ಯೂಟರ್‌ಗಳು ನಾಲ್ಕೈದು ಇದ್ದಾಗ ಒಂದೊಂದರಲ್ಲೂ ಸೆಟ್ಟಿಂಗ್ ಹುಡುಕುವುದು ಬೇಸರದ ಕೆಲಸ. ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಕ್ಯೂಒಎಸ್ (QoS) ಅಥವಾ ಎಸ್‌ಕ್ಯೂಎಂ (SQM) ಇದೆಯಾ ನೋಡಿ. ಒಂದೇ ಡೌನ್‌ಲೋಡ್ ಇಡೀ ಲೈನನ್ನು ಕಬಳಿಸದಂತೆ ನೋಡಿಕೊಳ್ಳುವುದು ಇವುಗಳ ಕೆಲಸ. ಎರಡೂ ಇದ್ದರೆ ಎಸ್‌ಕ್ಯೂಎಂ ಆರಿಸಿ. ಸ್ಪೀಡ್ ಟೆಸ್ಟ್‌ನಲ್ಲಿ ಬಂದ ಡೌನ್‌ಲೋಡ್, ಅಪ್‌ಲೋಡ್ ಎರಡರಲ್ಲೂ ಶೇ 85ರಿಂದ 90ರಷ್ಟನ್ನು ಅಲ್ಲಿ ತುಂಬಿ. ಅಳೆಯುವ ಹೊತ್ತಿಗೆ ಬೇರೆ ಯಾವ ಡೌನ್‌ಲೋಡೂ ನಡೆಯುತ್ತಿರಬಾರದು, ಇಲ್ಲದಿದ್ದರೆ ತಪ್ಪು ಸಂಖ್ಯೆ ತುಂಬಿ ಇಡೀ ಮನೆಗೆ ಸುಮ್ನೆ ನಿಧಾನದ ನೆಟ್ ಕೊಟ್ಟಂತಾಗುತ್ತದೆ.