ರಿಜೆಕ್ಟ್ ಆದ ಅರ್ಜಿಗಳನ್ನು ಮತ್ತೆ ಓದಿದಾಗ

ಸಾಲ ಕೊಡುವ ಸಂಸ್ಥೆಯೊಂದರ ಕ್ರೆಡಿಟ್ ವಿಭಾಗದಲ್ಲಿ ನನ್ನ ಕೆಲಸ. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಬೇಡ ಅನ್ನುವ ನಿಯಮ ಬರೆಯುವುದು ನಮ್ಮ ತಂಡ. ನೈತಿಕತೆ, ವೈವಿಧ್ಯ ಅಂದ್ರೆ ನಮ್ಮಲ್ಲಿ ವರ್ಷಕ್ಕೊಂದು ಆನ್‌ಲೈನ್ ತರಬೇತಿ. ಕೊನೆಗೆ ನಾಲ್ಕು ಪ್ರಶ್ನೆ, ಆಮೇಲೆ ಸರ್ಟಿಫಿಕೇಟ್. ಮೇಲಿನವರು ‘ಇದನ್ನ ಕೆಲಸದಲ್ಲಿ ತೋರಿಸಿ’ ಎಂದಾಗ ನಾನು ಮೊದಲು ತೆರೆಸಿದ್ದು ರಿಜೆಕ್ಟ್ ಆದ ಅರ್ಜಿಗಳನ್ನು.

ಮಂಜೂರಾದ ಸಾಲದ ಮೇಲೆ ಎಲ್ಲರ ಕಣ್ಣಿರುತ್ತದೆ. ಕಂತು ತಪ್ಪಿದರೆ ರಿಕವರಿಯವರು ಬರುತ್ತಾರೆ, ಆಡಿಟ್‌ನವರು ಕೇಳುತ್ತಾರೆ. ರಿಜೆಕ್ಟ್ ಆದ ಅರ್ಜಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಆ ವ್ಯಕ್ತಿ ಸಾಲ ತೀರಿಸುತ್ತಿದ್ದರೋ ಇಲ್ಲವೋ ಯಾವತ್ತೂ ಗೊತ್ತಾಗುವುದಿಲ್ಲ. ಅಲ್ಲಿ ತಪ್ಪಾಗಿದ್ದರೆ ಹೇಳುವವರೇ ಇಲ್ಲ.

ಒಂದಷ್ಟು ಫೈಲುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಂಡೆವು. ಹೆಸರು, ಲಿಂಗ, ವಯಸ್ಸು, ಫೋಟೋ, ವಿಳಾಸ ಮುಚ್ಚಿದೆವು. ಪ್ರತಿ ಫೈಲನ್ನೂ ಇಬ್ಬರು ಬೇರೆ ಬೇರೆಯಾಗಿ ಓದಿ, ಕೊಡಬಹುದೋ ಬೇಡವೋ ಎಂದು ಒಂದು ಸಾಲಿನ ಕಾರಣದ ಜೊತೆ ಬರೆಯಬೇಕು. ಇಬ್ಬರ ಅಭಿಪ್ರಾಯ ಬೇರೆಯಾದ ಫೈಲು ಮಾತ್ರ ಚರ್ಚೆಗೆ.

ಓದುವವರು ಯಾರು ಅನ್ನುವುದಕ್ಕೇ ಜಾಸ್ತಿ ಜಗಳವಾಯಿತು. ಕ್ರೆಡಿಟ್‌ನವರ ಜೊತೆ ಕಸ್ಟಮರ್ ಕೇರ್‌ನಿಂದ ಒಬ್ಬರು, ರಿಕವರಿಯಿಂದ ಒಬ್ಬರು, ಹೆರಿಗೆ ರಜೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದ ಸಹೋದ್ಯೋಗಿ ಒಬ್ಬರು ಇರಲಿ ಎಂದೆ. ‘ರಿಸ್ಕ್ ಗೊತ್ತಿಲ್ಲದವರನ್ನ ಕೂರಿಸಿ ಏನ್ ಮಾಡ್ತೀರಿ?’ ಎಂದು ತಂಡದಲ್ಲೇ ಕೆಲವರು ಕೇಳಿದರು. ಗೊತ್ತಿರುವವರೇ ಬರೆದ ನಿಯಮವನ್ನು ಮತ್ತೆ ಅವರ ಕೈಗೇ ಕೊಟ್ಟರೆ ಹೊಸದೇನು ಕಾಣುತ್ತೆ, ಅಲ್ವಾ?

ಒಂದು ಫೈಲಿನಲ್ಲಿ ಸಂಬಳ ಚೆನ್ನಾಗಿತ್ತು. ಹಳೇ ಸಾಲದ ಒಂದು ಕಂತೂ ತಪ್ಪಿರಲಿಲ್ಲ. ತಿರಸ್ಕಾರಕ್ಕೆ ಕಾರಣ: ‘ಆದಾಯದಲ್ಲಿ ಸ್ಥಿರತೆ ಇಲ್ಲ’. ಆ ಸಹೋದ್ಯೋಗಿ ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತಾ ಹೋದರು. ಎಂಟು ತಿಂಗಳು ಸಂಬಳ ಜಮಾ ಆಗಿಲ್ಲ. ಆಮೇಲೆ ಅದೇ ಕಂಪನಿಯಿಂದ, ಅದೇ ಹುದ್ದೆಯ ಸಂಬಳ ಮತ್ತೆ ಶುರು. ‘ಸರ್, ಇವರು ಕೆಲಸ ಬಿಟ್ಟಿರಲಿಲ್ಲ. ರಜೆಯಲ್ಲಿದ್ದಿರಬೇಕು, ಅದೂ ಹೆರಿಗೆ ರಜೆ’ ಎಂದರು. ಮುಚ್ಚಿದ್ದ ಭಾಗ ತೆಗೆದು ನೋಡಿದರೆ ಅವರು ಹೇಳಿದ್ದು ನಿಜ.

ಆರು ತಿಂಗಳಿಗಿಂತ ಹೆಚ್ಚು ಆದಾಯ ನಿಂತಿದ್ದರೆ ಸಿಸ್ಟಮ್ ತಾನಾಗಿಯೇ ರಿಜೆಕ್ಟ್ ಮಾಡುತ್ತಿತ್ತು. ಆ ನಿಯಮದಲ್ಲಿ ಹೆಣ್ಣು, ಗಂಡು ಅನ್ನುವ ಮಾತೇ ಇಲ್ಲ. ಬರೆದವರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಅದರಲ್ಲಿ ಸಿಕ್ಕಿಬೀಳುತ್ತಿದ್ದವರು ಹೆಚ್ಚಾಗಿ ಹೆಂಗಸರು. ಹೆಸರು ಮುಚ್ಚಿದರೆ ಓದುವವರ ಪೂರ್ವಗ್ರಹ ಕಡಿಮೆಯಾಗಬಹುದು, ನಿಯಮದೊಳಗೆ ಕೂತಿರುವುದು ಹೋಗುವುದಿಲ್ಲ. ಅದನ್ನು ಹಿಡಿಯಬೇಕಾದರೆ ಯಾರು ಎಷ್ಟು ರಿಜೆಕ್ಟ್ ಆದರು ಅನ್ನುವ ಲೆಕ್ಕ ಬೇಕು, ಅಂದರೆ ಲಿಂಗದ ಕಾಲಂ ಬೇಕೇ ಬೇಕು. ಹಾಗಾಗಿ ನಿರ್ಧಾರ ಮಾಡುವವರಿಗೆ ಆ ಕಾಲಂ ಕಾಣದ ಹಾಗೆ, ಲೆಕ್ಕ ಹಾಕುವವರಿಗೆ ಒಟ್ಟು ಸಂಖ್ಯೆ ಮಾತ್ರ ಸಿಗುವ ಹಾಗೆ ಮಾಡಿದೆವು.

ಈಗ ಅದೇ ಉದ್ಯೋಗಕ್ಕೆ ಮರಳಿದ್ದರೆ ಒಂದು ವರ್ಷದವರೆಗಿನ ರಜೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇತ್ತೀಚಿನ ಸಂಬಳದ ದಾಖಲೆ ಸಾಕು. ಸಾಲ ಮುಳುಗುವ ಅಪಾಯ ಅಳೆಯುವ ರಿಸ್ಕ್‌ನವರ ಸಮಾಧಾನಕ್ಕೆ ಮೊದಲು ಸಣ್ಣ ಗುಂಪಿಗೆ, ಸಣ್ಣ ಮೊತ್ತಕ್ಕೆ ಕೊಟ್ಟು ನೋಡಿದೆವು. ಕಂತು ಕಟ್ಟುವುದರಲ್ಲಿ ಅವರು ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಗುಂಪು ಚಿಕ್ಕದು, ಅದನ್ನೇ ದೊಡ್ಡ ಸಾಕ್ಷಿ ಅನ್ನಲ್ಲ.

ರಿಜೆಕ್ಟ್ ಪತ್ರವನ್ನೂ ಬದಲಿಸಿದೆವು. ಅಮೆರಿಕದಲ್ಲಿ ಒಂದು ಕಾಲಕ್ಕೆ ಮದುವೆಯಾದ ಹೆಂಗಸು ಸಾಲ ಕೇಳಿದರೆ ಗಂಡನ ಸಹಿ ತರಲು ಹೇಳುತ್ತಿದ್ದರು. 1974ರಲ್ಲಿ ಬಂದ ಸಮಾನ ಸಾಲಾವಕಾಶದ ಕಾನೂನು ಲಿಂಗ ಮತ್ತು ವೈವಾಹಿಕ ಸ್ಥಿತಿ ನೋಡಿ ಭೇದ ಮಾಡುವುದನ್ನು ನಿಷೇಧಿಸಿತು. 1976ರ ತಿದ್ದುಪಡಿಯಲ್ಲಿ ಜನಾಂಗ, ಧರ್ಮ, ವಯಸ್ಸು ಕೂಡ ಸೇರಿದವು. ಸಾಲ ಇಲ್ಲ ಎಂದರೆ ಯಾಕೆ ಇಲ್ಲ ಎಂದು ಅರ್ಜಿದಾರರು ತಿಳಿದುಕೊಳ್ಳುವ ಹಕ್ಕೂ ಆ ಕಾನೂನಿನಲ್ಲಿದೆ. ನನಗೆ ಹಿಡಿಸಿದ್ದು ಅದು. ನಮ್ಮ ಪತ್ರಗಳಲ್ಲಿ ‘ಸಂಸ್ಥೆಯ ನೀತಿಯ ಪ್ರಕಾರ’ ಎಂಬ ಸಾಲನ್ನು ತೆಗೆಸಿದೆ. ಎದುರಿನವರಿಗೆ ಅರ್ಥವಾಗುವ ಹಾಗೆ ಕಾರಣ ಬರೆಯಬೇಕು ಎಂದ ಕೂಡಲೇ ಕೆಲವು ಅಧಿಕಾರಿಗಳು ಫೈಲನ್ನು ತಾವೇ ಇನ್ನೊಮ್ಮೆ ತೆರೆಯತೊಡಗಿದರು. ಬರೆಯಲು ಮುಜುಗರ ಆಗುವ ಕಾರಣ ಸಾಮಾನ್ಯವಾಗಿ ಸರಿಯಾದ ಕಾರಣ ಆಗಿರುವುದಿಲ್ಲ.

ಮಾರಾಟದ ಟಾರ್ಗೆಟ್ ವಿಷಯದಲ್ಲಿ ಅರ್ಧ ಮಾತ್ರ ಗೆದ್ದೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಪ್ರತಿ ಗ್ರಾಹಕರಿಗೂ 8 ಉತ್ಪನ್ನ ಮಾರುವ ಗುರಿ ಇತ್ತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು. ಇದನ್ನು ಇಟ್ಟುಕೊಂಡು, ಸಾಲದ ಜೊತೆ ಮಾರಿದ ವಿಮೆಯನ್ನು ಗ್ರಾಹಕರು ಬೇಗ ರದ್ದು ಮಾಡಿದರೆ ಇನ್ಸೆಂಟಿವ್ ವಾಪಸ್ ಬರಬೇಕು ಎಂದು ವಾದಿಸಿದೆ. ಮಾರಾಟದ ಮುಖ್ಯಸ್ಥರು ಒಪ್ಪಿದರು, ಆದರೆ ಮ್ಯಾನೇಜರುಗಳ ಬೋನಸ್ಸಿಗೆ ಅದು ಬೇಡ ಎಂದರು. ಒತ್ತಡ ಹಾಕುವುದೇ ಅವರು! ಆ ಜಗಳ ಇನ್ನೂ ನಡೆಯುತ್ತಿದೆ.

ಸದ್ಯಕ್ಕೆ ಕೈಯಲ್ಲಿರುವುದು ಹೊರಗಿನಿಂದ ಕೊಂಡ ಸ್ಕೋರಿಂಗ್ ಮಾಡೆಲ್, ಅಂದರೆ ಅರ್ಜಿದಾರರನ್ನು ಅಳೆಯುವ ಸಾಫ್ಟ್‌ವೇರ್. ಅದು ಅಂಕ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಕಾರಣ ಇಲ್ಲದೆ ನಮಗೆ ಪತ್ರ ಬರೆಯಲು ಆಗುವುದಿಲ್ಲ. ಕಾರಣದ ಪಟ್ಟಿ ಕೊಡದಿದ್ದರೆ ಒಪ್ಪಂದ ಮುಂದುವರಿಸುವುದು ಬೇಡ ಎಂದು ಬರೆದು ಕಳಿಸಿದ್ದೇನೆ.