ಬ್ರೋಷರ್‌ನ ಹಸಿರಿನಡಿ ಮಣ್ಣಿದೆಯೇ?

ಹೊಸ ಅಪಾರ್ಟ್‌ಮೆಂಟ್ ಯೋಜನೆಯ ಮಾರಾಟ ಕಚೇರಿಗೆ ಹೋದವರು ಗಾಜಿನ ಪೆಟ್ಟಿಗೆಯೊಳಗಿನ ಮಾದರಿಗೆ ಒಂದು ಪ್ರದಕ್ಷಿಣೆ ಹಾಕುತ್ತಾರೆ, ಅಡುಗೆಮನೆಯ ದಿಕ್ಕು ವಿಚಾರಿಸುತ್ತಾರೆ, ಮುಂಗಡ ಕೊಟ್ಟು ಬರುತ್ತಾರೆ. ‘ಶೇ 80ರಷ್ಟು ತೆರೆದ ಜಾಗ’ ಎಂಬ ಸಾಲನ್ನು ಮಾತ್ರ ಯಾರೂ ಕೆದಕುವುದಿಲ್ಲ. ಡಾಂಬರು ಹಾಕಿದ ದಾರಿ, ಈಜುಕೊಳ, ಕಾಂಕ್ರೀಟಿನ ಮೇಲೆ ಹಾಸಿದ ಹುಲ್ಲು ಎಲ್ಲವೂ ಆ ಲೆಕ್ಕದೊಳಗೇ ಸೇರಿರುತ್ತವೆ. ಬೆಂಗಳೂರಿನಲ್ಲಿ ಮನೆ ನೋಡುತ್ತಿರುವವರು ಮುಂಗಡಕ್ಕೆ ಮೊದಲು ಮಾಡಬೇಕಾದ ಪರಿಶೀಲನೆ ಹೀಗಿದೆ.

ಮೊದಲು ಬ್ರೋಷರ್ ಪಕ್ಕಕ್ಕಿಡಿ. ವಸತಿ ಯೋಜನೆಗಳನ್ನು ನೋಂದಾಯಿಸಿಕೊಂಡು ನಿಯಂತ್ರಿಸುವ ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ, ಮಂಜೂರಾದ ನಕ್ಷೆಗಳನ್ನು ಇಳಿಸಿಕೊಳ್ಳಿ. ‘ನೋಂದಣಿ ಇನ್ನೇನು ಬಂದುಬಿಡುತ್ತದೆ’ ಎನ್ನುವ ಬಿಲ್ಡರ್‌ಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಎರಡನೆಯದಾಗಿ, ಮೊಬೈಲ್‌ನಲ್ಲಿ ದಿಶಾಂಕ್ ಎಂಬ ಸರ್ಕಾರಿ ಭೂನಕ್ಷೆ ಆ್ಯಪ್ ತೆರೆದು ಸರ್ವೆ ನಂಬರ್ ಹಾಕಿ. ಹಳ್ಳ, ಕಾಲುವೆಯ ಗೆರೆ ಜಾಗದೊಳಗೆ ಹಾಯ್ದಿದೆಯೇ ನೋಡಿ. ಬೆಂಗಳೂರಿನ 2015ರ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಿಯಮದಲ್ಲಿ ರಾಜಕಾಲುವೆಯ, ಅಂದರೆ ಮಳೆನೀರು ಹರಿಯುವ ಕಾಲುವೆಯ ಮಧ್ಯದಿಂದ 50, 25 ಅಥವಾ 15 ಮೀಟರ್ ಬಿಡಬೇಕೆಂದಿದೆ. ಕಾಲುವೆ ಯಾವ ದರ್ಜೆಯದು ಎಂಬುದರ ಮೇಲೆ ಈ ಅಂತರ ನಿಲ್ಲುತ್ತದೆ. ಬ್ರೋಷರ್‌ನ ‘ಜಲಧಾರೆ ಉದ್ಯಾನ’ ಕೆಲವೊಮ್ಮೆ ಇದೇ ಕಾಲುವೆಯ ಪಕ್ಕದ, ಹೇಗಿದ್ದರೂ ಕಟ್ಟಲಾಗದ ಪಟ್ಟಿ.

ಇನ್ನು ಹೆಚ್ಚಿನವರು ಎಡವುವ ಹಂತ. ಉದ್ಯಾನದ ನಕ್ಷೆಯನ್ನಷ್ಟೇ ನೋಡಿ ಮರುಳಾಗಬೇಡಿ, ಅದರ ಕೆಳಗೆ ಬೇಸ್‌ಮೆಂಟ್ ನಕ್ಷೆಯನ್ನು ಇಟ್ಟು ನೋಡಿ. ಎರಡನ್ನೂ ಒಂದೇ ಅಳತೆಗೆ ಮುದ್ರಿಸಬೇಕು. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದುವಂತೆ ಕುಗ್ಗಿಸಿಬಿಡುವುದರಿಂದ ನಕ್ಷೆಯ ಮೂಲೆಯಲ್ಲಿ ಬರೆದ ಸ್ಕೇಲ್ ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೊಂದು ಉಪಾಯವಿದೆ: ಬೇಸ್‌ಮೆಂಟ್ ನಕ್ಷೆಯಲ್ಲಿ ಒಂದು ಕಾರು ನಿಲ್ಲಿಸುವ ಚೌಕದ ಅಗಲ ಸಾಮಾನ್ಯವಾಗಿ 2.5 ಮೀಟರ್. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಲಿಫ್ಟ್ ಮತ್ತು ಮೆಟ್ಟಿಲ ಗುಂಡಿಗಳು ಪ್ರತಿ ಮಹಡಿಯಲ್ಲೂ ಒಂದೇ ಜಾಗದಲ್ಲಿರುತ್ತವೆ. ಎರಡು ಹಾಳೆಗಳಲ್ಲೂ ಅವನ್ನು ಒಂದರ ಮೇಲೊಂದು ಕೂರಿಸಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬೇಸ್‌ಮೆಂಟಿನ ಹೊರಗೆರೆಯನ್ನು ಕೆಂಪು ಪೆನ್ಸಿಲಿನಲ್ಲಿ ಉದ್ಯಾನದ ಹಾಳೆಗೆ ಎಳೆದುಕೊಳ್ಳಿ.

ಕೆಂಪು ಗೆರೆಯೊಳಗಿನ ಹಸಿರೆಲ್ಲ ಬೇಸ್‌ಮೆಂಟ್ ಚಾವಣಿಯ ಮೇಲಿನ ತೋಟ. ಅಲ್ಲಿ ಪೊದೆಗಿಡಕ್ಕೆ ಅರ್ಧ ಮೀಟರ್, ಮರಕ್ಕೆ ಒಂದು ಮೀಟರ್‌ಗೂ ಮೇಲೆ ಮಣ್ಣು ಬೇಕು. ನೆನೆದ ಮಣ್ಣು ಒಂದು ಘನ ಮೀಟರ್‌ಗೆ ಒಂದೂವರೆಯಿಂದ ಎರಡು ಟನ್ ತೂಗುತ್ತದೆ. ಆ ಭಾರಕ್ಕೆ ತಕ್ಕ ಸ್ಲ್ಯಾಬ್ ಹಾಕಿದ್ದಾರೆಯೇ, ಮಣ್ಣಿನ ಆಳ ಎಷ್ಟು ಎಂದು ಛೇದನಕ್ಷೆ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ಬರೆದ ನಕ್ಷೆ) ತೋರಿಸಿ ಉತ್ತರಿಸಲು ಹೇಳಿ. ಭಾರ ಉಳಿಸಲೆಂದು ಅಡಿಯಲ್ಲಿ ಥರ್ಮೋಕೋಲ್ ತುಂಬಿ ಮೇಲೆ ಗುಡ್ಡದಂತೆ ತೋರಿಸುವುದೂ ಉಂಟು. ಹುಲ್ಲಿಗೆ ಅದು ಸಾಕು, ಮರಕ್ಕೆ ಸಾಲದು. ಇನ್ನು ಸ್ಲ್ಯಾಬ್ ಸೋರತೊಡಗಿದರೆ ದುರಸ್ತಿಗೆ ಮೊದಲು ಅಗೆಯುವುದು ಅದರ ಮೇಲಿನ ತೋಟವನ್ನೇ. ಮನೆ ಕೈಗೆ ಬಂದು ಐದು ವರ್ಷ ಕಳೆದಿದ್ದರೆ ಸಾಮಾನ್ಯವಾಗಿ ಖರ್ಚೂ ನಿವಾಸಿಗಳದು.

ಗೆರೆಯ ಹೊರಗೆ ಉಳಿದ ಪಟ್ಟಿಯೇ ನಿಜವಾದ ನೆಲ. ಅದರಲ್ಲೂ ಅಗ್ನಿಶಾಮಕ ವಾಹನದ ದಾರಿಯನ್ನು ಕಳೆಯಿರಿ: ಎತ್ತರದ ಕಟ್ಟಡಗಳ ಸುತ್ತ 6 ಮೀಟರ್ ಅಗಲದ ದಾರಿ, 45 ಟನ್ ತೂಕ ತಾಳುವಂತೆ ಇರಬೇಕು. ಪ್ಲಾಸ್ಟಿಕ್ ಜಾಲರಿಯ ನಡುವೆ ಹುಲ್ಲು ಸಿಕ್ಕಿಸಿ ಇದನ್ನೂ ಉದ್ಯಾನವೆಂದು ತೋರಿಸುತ್ತಾರೆ. ಆ ಜಾಲರಿಯನ್ನು ನಾನು ಖಂಡಿತ ಒಪ್ಪುವುದಿಲ್ಲ, ನಾಲ್ಕು ಕಾರು ಓಡಾಡುವಷ್ಟರಲ್ಲಿ ಹುಲ್ಲು ಒಣಗಿ ಜಾಲರಿಯಷ್ಟೇ ಉಳಿಯುತ್ತದೆ. ಇಷ್ಟೆಲ್ಲ ಕಳೆದ ಮೇಲೂ ಒಂದೆಡೆ ಒಟ್ಟಾಗಿ ಮಣ್ಣಿನ ಜಾಗ ಉಳಿದಿದ್ದರೆ ಯೋಜನೆ ಚೆನ್ನಾಗಿದೆ. ದೊಡ್ಡ ಮರಗಳೂ ಇಂಗುಬಾವಿಗಳೂ ಅಲ್ಲಿಯೇ ಇರಬೇಕು. ಕಾಂಪೌಂಡಿನುದ್ದಕ್ಕೂ ಎರಡಡಿಯ ಪಟ್ಟಿಯಷ್ಟೇ ಉಳಿದಿದ್ದರೆ ನಾನಾದರೆ ಬೇರೆ ಯೋಜನೆ ನೋಡುತ್ತೇನೆ.

ನೀರಿನ ಹಾದಿಯನ್ನು ತಿಳಿಯಲು ನಕ್ಷೆಯ ಮೇಲೆ ನೆಲದ ಎತ್ತರ ಸೂಚಿಸುವ ಮಟ್ಟದ ಅಂಕಿಗಳನ್ನು ಓದಿ. ಅತಿ ಕಡಿಮೆ ಅಂಕಿ ಬೇಸ್‌ಮೆಂಟ್ ರ‍್ಯಾಂಪಿನ ಬಾಯಲ್ಲಿದ್ದರೆ ಮೊದಲ ಜೋರು ಮಳೆಗೇ ಕಾರುಗಳು ತೇಲುತ್ತವೆ. ರ‍್ಯಾಂಪ್ ಇಳಿಯುವ ಮುನ್ನ ರಸ್ತೆಗಿಂತ ಒಂದು ಗೇಣಾದರೂ ಏರಬೇಕು. ಸಾಧ್ಯವಾದರೆ ಮಳೆಗಾಲದ ಸಂಜೆ ಹೋಗಿ ಜಾಗ ನೋಡಿ.

ಗಿಡಗಳ ಪಟ್ಟಿಯಲ್ಲಿ ಹೆಚ್ಚು ಸಮಯ ಕಳೆಯಬೇಕಿಲ್ಲ. ಸಾಲು ಸಾಲು ಪಾಮ್ ಇದ್ದರೆ ನೆರಳಿಲ್ಲ. ಕೊನೊಕಾರ್ಪಸ್ ಎಂಬ ವಿದೇಶಿ ಮರ ಇದ್ದರೆ ತೆಗೆಸಿ, ಗುಜರಾತ್ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಹೊಂಗೆ, ಸಂಪಿಗೆ, ನೇರಳೆ, ಹೊಳೆ ದಾಸವಾಳ ಕೇಳಿ. ನೇರಳೆ ಕಾರಿನ ಮೇಲೆ ಕಲೆ ಮಾಡುತ್ತದೆ ಎಂದು ಮೂಗು ಮುರಿಯುವವರು ಕಾರನ್ನು ಬೇರೆಡೆ ನಿಲ್ಲಿಸಲಿ. ಜಾಗದಲ್ಲಿ ಈಗಾಗಲೇ ನಿಂತಿರುವ ಮರಗಳಲ್ಲಿ ಯಾವುವು ಉಳಿಯುತ್ತವೆ ಎಂಬುದನ್ನು ನಕ್ಷೆಯ ಮೇಲೆಯೇ ಗುರುತು ಹಾಕಿಸಿ.

ಕೊನೆಯದು ಕಾಗದಪತ್ರ. ಉದ್ಯಾನದ ನಕ್ಷೆಗೆ ಮಾರಾಟಗಾರರ ಸಹಿ ಹಾಕಿಸಿ, ಖರೀದಿ ಕರಾರಿಗೆ ಅನುಬಂಧವಾಗಿ ಸೇರಿಸಿ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮಂಜೂರಾದ ನಕ್ಷೆಯನ್ನೂ ಸಾಮೂಹಿಕ ಜಾಗಗಳನ್ನೂ ಬದಲಿಸಲು ಖರೀದಿದಾರರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ಹಾಗಾಗಿ ಕರಾರಿನಲ್ಲಿ ‘ಮುಂದಿನ ಎಲ್ಲ ಬದಲಾವಣೆಗೆ ಸಮ್ಮತಿ ಇದೆ’ ಎಂಬ ಸಾಲೇನಾದರೂ ಕಂಡರೆ ಹೊಡೆದುಹಾಕಿಸಿ. ಉದ್ಯಾನ ಯಾವ ಹಂತದಲ್ಲಿ ಬರುತ್ತದೆ ಎಂಬುದನ್ನೂ ತಾರೀಖಿನೊಂದಿಗೆ ಬರೆಸಿಕೊಳ್ಳಿ. ಅದನ್ನು ಕೊನೆಯ ಹಂತಕ್ಕೆ ತಳ್ಳಿದ್ದರೆ, ಅಲ್ಲಿಯತನಕ ಅದು ಜಲ್ಲಿ, ಕಬ್ಬಿಣ ರಾಶಿ ಹಾಕುವ ಜಾಗವಾಗಿರುತ್ತದೆ.